ಅತಿಥಿಗೆ ಮನೆಯಲ್ಲೇ ರಾತ್ರಿ ಊಟ: ಮೆನು ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಯಾರನ್ನೋ ಊಟಕ್ಕೆ ಕರೆದಾಗಿದೆ. ಆಫೀಸಿನ ಮೇಲಧಿಕಾರಿ ಇರಬಹುದು, ವರ್ಷಗಳ ನಂತರ ಸಿಕ್ಕ ಗೆಳೆಯ ಇರಬಹುದು, ಮನಸ್ಸಿಗೆ ಹಿಡಿಸಿದ ಒಬ್ಬರೇ ಒಬ್ಬರು ಇರಬಹುದು. ಕರೆಯುವಾಗ ಇದ್ದ ಉಮೇದು ದಿನ ಹತ್ತಿರ ಬಂದ ಹಾಗೆ ಇಳಿಯುತ್ತದೆ. "ಏನು ಮಾಡೋದು?" ಅನ್ನುವ ಒಂದು ಪ್ರಶ್ನೆ ಹತ್ತು ಪ್ರಶ್ನೆಯಾಗುತ್ತದೆ. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳಲ್ಲಿ ಅರ್ಧ ಓದಿ ಕಲಿತದ್ದು, ಅರ್ಧ ಕೈ ಸುಟ್ಟುಕೊಂಡು ಕಲಿತದ್ದು.

## ಮೆನು ಯೋಚನೆ ಎಲ್ಲಿಂದ ಶುರು ಮಾಡಬೇಕು?

ಊಟಕ್ಕೆ ಕೂರುವ ಮುಂಚಿನ ಕೊನೆಯ ಅರ್ಧ ಗಂಟೆಯಿಂದ.

ಸಾಮಾನ್ಯವಾಗಿ ಎಲ್ಲರೂ ರೆಸಿಪಿಗಳಿಂದ ಶುರು ಮಾಡುತ್ತಾರೆ. ಫೋಟೊ ನೋಡುತ್ತಾ ಇದೂ ಇರಲಿ, ಅದೂ ಇರಲಿ ಅನ್ನುತ್ತಾರೆ. ಕಾಗದದ ಮೇಲೆ ಆರು ಬಗೆ ಚಂದವಾಗಿಯೇ ಕಾಣುತ್ತದೆ. ಆದರೆ ಅತಿಥಿ ಬಾಗಿಲು ತಟ್ಟಿದ ಮೇಲೂ ಆ ಆರರಲ್ಲಿ ಎಷ್ಟಕ್ಕೆ ನಿಮ್ಮ ಕೈ ಬೇಕು? ಮೊದಲು ಅದನ್ನು ಕೇಳಿಕೊಳ್ಳಿ.

ನಾನು ಮೊದಲ ಸಲ ಹೀಗೆ ಒಬ್ಬರನ್ನು ಕರೆದಾಗ ಐದು ಬಗೆ ಮಾಡಲು ಹೊರಟಿದ್ದೆ. ಅದರಲ್ಲಿ ನಾಲ್ಕು ಬಿಸಿಬಿಸಿಯಾಗಿಯೇ ಬಡಿಸಬೇಕಾದವು. ಒಲೆಯಲ್ಲಿ ಇದ್ದದ್ದು ಎರಡೇ ಉರಿ. ಬಂದವರು ಹೊರಗೆ ಕೂತು ಹಿಂದಿನ ವಾರದ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿದರು. ನಾನು ನಡುನಡುವೆ ಸೌಟು ಹಿಡಿದುಕೊಂಡೇ ಬಂದು "ಆಯ್ತು, ಇನ್ನೈದೇ ನಿಮಿಷ" ಅಂತ ಹೇಳಿ ಒಳಗೆ ಓಡುತ್ತಿದ್ದೆ. ಊಟ ಕೆಟ್ಟದಾಗೇನೂ ಇರಲಿಲ್ಲ. ಆದರೆ ಅವರಿಗೆ ಇವತ್ತಿಗೂ ಆ ಪತ್ರಿಕೆಯೇ ನೆನಪಿರಬೇಕು.

ಆಮೇಲೆ ಒಂದು ಲೆಕ್ಕ ಇಟ್ಟುಕೊಂಡೆ. ಕೊನೆಯ ಅರ್ಧ ಗಂಟೆಯಲ್ಲಿ ನನ್ನನ್ನು ಒಲೆ ಮುಂದೆ ನಿಲ್ಲಿಸುವ ಅಡುಗೆ ಒಂದೇ ಇರಬೇಕು. ಉಳಿದದ್ದು ಮುಂಚೆಯೇ ಆಗಿರಬೇಕು, ಇಲ್ಲ ತನ್ನಷ್ಟಕ್ಕೆ ಬೇಯುತ್ತಿರಬೇಕು, ಇಲ್ಲ ತಣ್ಣಗೇ ತಿನ್ನುವಂಥದ್ದಾಗಿರಬೇಕು. ಮಾಡಿದ ಕೂಡಲೇ ಬಡಿಸಬೇಕಾದವು ಎರಡು ಬಂದರೆ ಒಂದನ್ನು ಪಟ್ಟಿಯಿಂದ ಹೊಡೆದು ಹಾಕುತ್ತೇನೆ, ಎಷ್ಟೇ ಆಸೆ ಇದ್ದರೂ.

## ಎಷ್ಟು ಬಗೆ ಮಾಡಿದರೆ ಸಾಕು?

ಒಬ್ಬರಿಂದ ನಾಲ್ಕು ಜನ ಅತಿಥಿಗಳಿಗೆ ನಾಲ್ಕು ಬಗೆ ಸಾಕು: ಮುಖ್ಯ ಪದಾರ್ಥ ಒಂದು, ಅದರ ಜೊತೆಗೆ ಹೊಟ್ಟೆ ತುಂಬುವಂಥದ್ದು ಒಂದು, ತರಕಾರಿ ಅಥವಾ ಸಲಾಡ್ ಒಂದು, ಸಿಹಿ ಒಂದು. ಬಂದ ಕೂಡಲೇ ಕೈಗೆ ಕೊಡಲು ಏನಾದರೂ ಸಣ್ಣದು ಇದ್ದರೆ ಇನ್ನೂ ಒಳ್ಳೆಯದು. ಅದಕ್ಕೆ ಅಡುಗೆಯೇ ಆಗಬೇಕಿಲ್ಲ. ಹುರಿದ ಬೀಜಗಳು, ಹೆಚ್ಚಿದ ಹಣ್ಣು ಸಾಕು.

ಬಗೆ ಜಾಸ್ತಿಯಾದರೆ ಮೆಚ್ಚುಗೆ ಜಾಸ್ತಿ ಅನ್ನುವುದು ನಮ್ಮ ಭಯ ಆಡಿಸುವ ಮಾತು. ಎಂಟು ಬಗೆ ಇದ್ದರೆ ತಟ್ಟೆಯಲ್ಲಿ ಎಲ್ಲವೂ ಒಂದರೊಳಗೊಂದು ಕಲಸಿ ಹೋಗುತ್ತದೆ. ಯಾವುದರ ರುಚಿಯೂ ನಾಲಿಗೆಯಲ್ಲಿ ನಿಲ್ಲುವುದಿಲ್ಲ.

## ಅತಿಥಿಯನ್ನೇ ಕೇಳಿಬಿಡಬಹುದಾ? ಕೇಳಿದರೆ ಅಚ್ಚರಿ ಹಾಳಾಗಲ್ವಾ?

ಕೇಳಲೇಬೇಕು. ಆದರೆ "ಏನು ಇಷ್ಟ?" ಅಂತ ಕೇಳಬೇಡಿ. "ಏನಾದರೂ ನಡೆಯುತ್ತೆ" ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. "ಯಾವುದು ತಿನ್ನಲ್ಲ? ಯಾವುದು ಮೈಗೆ ಆಗಲ್ಲ?" ಅಂತ ಕೇಳಿ. ಇದಕ್ಕೆ ಜನ ಸರಿಯಾಗಿ ಉತ್ತರ ಕೊಡುತ್ತಾರೆ. ನೀವು ಏನು ಮಾಡಲಿದ್ದೀರಿ ಅನ್ನುವ ಗುಟ್ಟೂ ಉಳಿಯುತ್ತದೆ.

ಅಲರ್ಜಿಯ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ, ಗೋಧಿ, ಸೋಯಾ, ಎಳ್ಳು, ಇವು ಸಾಮಾನ್ಯವಾಗಿ ತೊಂದರೆ ಕೊಡುವವು. ಅಲರ್ಜಿ ಇದ್ದವರಿಗೆ ಚೂರೇ ಚೂರು ತಾಗಿದರೂ ಸಾಕು. ಶೇಂಗಾ ಹೆಚ್ಚಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿದರೂ ಅಪಾಯ ಅಪಾಯವೇ. ಅಂಥವರು ಬರುತ್ತಿದ್ದರೆ ಆ ವಸ್ತುವನ್ನು ಅವತ್ತಿನ ಇಡೀ ಅಡುಗೆಯಿಂದಲೇ ಹೊರಗಿಡಿ. "ಅವರ ತಟ್ಟೆಗೆ ಮಾತ್ರ ಹಾಕಲ್ಲ" ಅನ್ನುವುದು ಸಾಲದು. ಬಾಟಲಿಯ ಸಾಸ್, ಮಸಾಲೆ ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರಗಳನ್ನೂ ಓದಿ.

ಸಸ್ಯಾಹಾರಿಗಳು ಬರುವುದಾದರೆ ಸೂಪ್ ಕ್ಯೂಬ್ ಮತ್ತು ಜೆಲಾಟಿನ್ ಮೇಲೆ ಕಣ್ಣಿಡಿ. ಸೂಪ್ ಕ್ಯೂಬ್‌ನಲ್ಲಿ ಮಾಂಸದ ಸಾರ ಇರಬಹುದು. ಜೆಲಾಟಿನ್ ಅಂತೂ ಪ್ರಾಣಿಗಳ ಚರ್ಮ, ಮೂಳೆಯಿಂದಲೇ ಬರುವುದು. ಸಮುದ್ರದ ಪಾಚಿಯಿಂದ ಮಾಡುವ ಅಗರ್ ಅಗರ್ ಬಳಸಿದರೆ ಆ ತಾಪತ್ರಯ ಇಲ್ಲ.

ಇನ್ನೊಂದು ತಮಾಷೆಯ ವಿಷಯ. ಕೆಲವರಿಗೆ ಕೊತ್ತಂಬರಿ ಸೊಪ್ಪು ಸೋಪಿನ ಹಾಗೆ ರುಚಿಸುತ್ತದೆ. ಅದು ಬರೀ ಹಟ ಅಲ್ಲ. ವಾಸನೆ ಗ್ರಹಿಸುವ ಒಂದು ಜೀನ್‌ಗೂ ಅದಕ್ಕೂ ನಂಟಿದೆ. ಅದಕ್ಕೇ ಸೊಪ್ಪನ್ನು ಅಡುಗೆಗೆ ಬೆರೆಸದೆ ಪಕ್ಕದಲ್ಲಿ ಬಟ್ಟಲಿನಲ್ಲಿ ಇಡುತ್ತೇನೆ. ಬೇಕಾದವರು ಉದುರಿಸಿಕೊಳ್ಳಲಿ.

## ನನಗೆ ಬರೋದೇ ನಾಲ್ಕೈದು ಅಡುಗೆ. ಅದನ್ನೇ ಮಾಡಿದರೆ ಸಪ್ಪೆ ಅನ್ನಿಸಲ್ವಾ?

ನಿಮಗೆ ಅನ್ನಿಸಬಹುದು, ಅವರಿಗೆ ಅನ್ನಿಸುವುದಿಲ್ಲ. ನೀವು ಐವತ್ತು ಸಲ ಮಾಡಿದ್ದನ್ನು ಅವರು ಒಂದು ಸಲವೂ ತಿಂದಿಲ್ಲ, ಅಲ್ವಾ? ಕಣ್ಣಳತೆಯಲ್ಲಿ ಉಪ್ಪು ಹಾಕಿ ಹದ ತರಬಲ್ಲ ಅಡುಗೆಯೇ ನಿಮ್ಮ ಮುಖ್ಯ ಪದಾರ್ಥ ಆಗಬೇಕು.

ದಿನದ ಅಡುಗೆಯನ್ನು ಸ್ವಲ್ಪ ಮೇಲಕ್ಕೆ ಎತ್ತುವುದು ಕಷ್ಟವಲ್ಲ, ಸಮಯ ಕೊಡಬೇಕು ಅಷ್ಟೆ. ಈರುಳ್ಳಿಯನ್ನೇ ತೆಗೆದುಕೊಳ್ಳಿ. ದಿನಾ ಐದಾರು ನಿಮಿಷ ಬಾಡಿಸಿ ಮುಂದೆ ಹೋಗುತ್ತೇವೆ. ಅದೇ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ 40 ನಿಮಿಷ ಬಿಟ್ಟು ನೋಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಬೆಲ್ಲದ ಬಣ್ಣಕ್ಕೆ ಬಂದು ಜಾಮಿನ ಹಾಗೆ ಮುದ್ದೆಯಾಗುತ್ತದೆ. ತಳ ಹಿಡಿಯುವ ಹಾಗೆ ಕಂಡಾಗೆಲ್ಲ ಒಂದು ಚಮಚ ನೀರು ಚಿಮುಕಿಸಿ ಕೆರೆಯುತ್ತಾ ಇದ್ದರೆ ಸಾಕು. ದಿನಾ ಮಾಡುವ ಗ್ರೇವಿಗೆ ಇದನ್ನು ಎರಡು ಚಮಚ ಸೇರಿಸಿದರೆ "ಇದಕ್ಕೆ ಏನು ಹಾಕಿದ್ದೀರಿ?" ಅನ್ನುವ ಪ್ರಶ್ನೆ ಬರುತ್ತದೆ. 10 ನಿಮಿಷದಲ್ಲಿ ಈ ಬಣ್ಣ ಬರುತ್ತದೆ ಅಂತ ಬರೆದಿರುವ ರೆಸಿಪಿಗಳನ್ನು ನಂಬಬೇಡಿ.

## ಆದರೂ ಹೊಸದೊಂದು ಮಾಡಲೇಬೇಕು ಅನ್ನಿಸ್ತಿದೆ.

ಮಾಡಿ, ಒಂದನ್ನು ಮಾತ್ರ. ಅದನ್ನೂ ಮುಂಚಿನ ವಾರ ಒಮ್ಮೆ ಮಾಡಿ, ಮನೆಯವರ ಮೇಲೆ ಪ್ರಯೋಗಿಸಿ. ಮನೆಯವರು ಮುಖ ನೋಡಿ ಹೊಗಳುವವರಲ್ಲ, ಹಾಗಾಗಿ ನಿಜ ಗೊತ್ತಾಗುತ್ತದೆ.

ಇಬ್ಬರಿಗೆ ಮಾಡಿ ನೋಡಿದ್ದನ್ನು ಆರು ಜನಕ್ಕೆ ಮಾಡುವಾಗ ಒಂದು ಎಚ್ಚರ. ತರಕಾರಿ, ಮಾಂಸ ಮೂರು ಪಟ್ಟು ಮಾಡಬಹುದು. ನೀರನ್ನು ಹಾಗೆ ಮಾಡಲು ಹೋಗಬೇಡಿ. ಎಷ್ಟು ನೀರು ಆವಿಯಾಗುತ್ತದೆ ಅನ್ನುವುದು ಪಾತ್ರೆಯ ಬಾಯಿ ಎಷ್ಟು ಅಗಲ, ಎಷ್ಟು ಹೊತ್ತು ಕುದಿಸಿದಿರಿ ಅನ್ನುವುದರ ಮೇಲಿದೆ. ಮೂರು ಪಟ್ಟು ನೀರು ಹಾಕಿದರೆ ಗ್ರೇವಿ ಹೋಗಿ ತಿಳಿ ಸೂಪ್ ಆಗುತ್ತದೆ. ಮೊದಲು ಎರಡು ಪಟ್ಟಿನಷ್ಟು ಹಾಕಿ, ನೋಡಿಕೊಂಡು ಸೇರಿಸಿ. ಉಪ್ಪು, ಖಾರವೂ ಹಾಗೆಯೇ: ಹಾಕಿದ್ದನ್ನು ತೆಗೆಯಲಾಗದು.

## ಒಂದಕ್ಕೊಂದು ಹೊಂದುವ ಹಾಗೆ ಪದಾರ್ಥ ಆರಿಸೋದು ಹೇಗೆ?

ತಟ್ಟೆಯನ್ನು ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಎಲ್ಲವೂ ಮೆತ್ತಗಿದೆಯಾ? ಎಲ್ಲವೂ ಕಂದು ಬಣ್ಣವಾ? ಎಲ್ಲದರಲ್ಲೂ ಕೆನೆಯೇ ಇದೆಯಾ? ಹಾಗಿದ್ದರೆ ಒಂದೊಂದೂ ಚೆನ್ನಾಗಿದ್ದರೂ ನಾಲ್ಕನೇ ತುತ್ತಿಗೆ ಬಾಯಿ ಕಟ್ಟಿ ಬರುತ್ತದೆ.

ಗಟ್ಟಿ ಗ್ರೇವಿ ಇದ್ದರೆ ಪಕ್ಕದಲ್ಲಿ ಕಟುಂ ಕಟುಂ ಅನ್ನುವಂಥದ್ದು ಇರಲಿ. ಜಿಡ್ಡಿನದು ಇದ್ದರೆ ಹುಳಿ ಇರಲಿ, ನಿಂಬೆ ಹಿಂಡಿದ ಸೌತೆಕಾಯಿಯಾದರೂ ಸರಿ. ಖಾರ ಇದ್ದರೆ ಮೊಸರಿನದೊಂದು ಇರಲಿ. ಟೊಮೆಟೊ ಸೂಪ್ ಆದ ಮೇಲೆ ಟೊಮೆಟೊ ಗ್ರೇವಿ ಬೇಡ. ಇದು ಸಣ್ಣ ಮಾತು ಅನ್ನಿಸಬಹುದು. ಆದರೆ ಅಂಗಡಿಯಿಂದ ಎರಡು ಕಿಲೋ ಟೊಮೆಟೊ ತಂದವರು ಗೊತ್ತಿಲ್ಲದೆಯೇ ಮಾಡುವ ತಪ್ಪು ಇದೇ.

ಒಲೆಯ ಜಾಗವನ್ನೂ ಲೆಕ್ಕ ಹಾಕಿ. ಎರಡು ಉರಿಯ ಒಲೆಯಲ್ಲಿ ಮೂರು ಪದಾರ್ಥ ಒಟ್ಟಿಗೆ ಬಿಸಿ ಆಗಲ್ಲ. ಒಂದು ಒಲೆಯ ಮೇಲೆ, ಒಂದು ಕುಕ್ಕರ್‌ನಲ್ಲಿ, ಒಂದು ಓವನ್‌ನಲ್ಲಿ, ಒಂದು ಫ್ರಿಜ್‌ನಲ್ಲಿ, ಹೀಗೆ ಹಂಚಿ ಹೋಗಿದ್ದರೆ ನಿಮಗೆ ಉಸಿರಾಡಲು ಜಾಗ ಸಿಗುತ್ತದೆ.

## ಒಬ್ಬರಿಗೆ ಎಷ್ಟು ಅಂತ ಅಳತೆ ಹಾಕೋದು?

ನಾನು ಹಾಕಿಕೊಳ್ಳುವ ಅಂದಾಜು ಹೀಗಿದೆ. ಅಕ್ಕಿ ಒಬ್ಬರಿಗೆ 80 ಗ್ರಾಂ. ಬೆಂದ ಮೇಲೆ ಅದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಒಣ ಪಾಸ್ತಾ 80ರಿಂದ 100 ಗ್ರಾಂ. ಮೂಳೆ ಇಲ್ಲದ ಮಾಂಸ ಅಥವಾ ಮೀನು 150ರಿಂದ 180 ಗ್ರಾಂ, ಮೂಳೆ ಇದ್ದರೆ 250. ಊಟಕ್ಕೆ ಮುಂಚಿನ ಸೂಪ್ 200 ಮಿಲಿಲೀಟರ್, ಅದಕ್ಕಿಂತ ಜಾಸ್ತಿಯಾದರೆ ಅಲ್ಲೇ ಹೊಟ್ಟೆ ತುಂಬುತ್ತದೆ. ಹಸಿ ತರಕಾರಿ ಎಲ್ಲ ಸೇರಿ 200 ಗ್ರಾಂ.

ಸೊಪ್ಪು ಮತ್ತು ಅಣಬೆ ಮಾತ್ರ ಮೋಸ ಮಾಡುತ್ತವೆ. ಬಾಣಲೆ ತುಂಬ ಹಾಕಿದ್ದು ಹತ್ತು ನಿಮಿಷದಲ್ಲಿ ಒಂದು ಹಿಡಿ ಆಗಿರುತ್ತದೆ. ಅವೆರಡರಲ್ಲೂ ಇರುವುದು ಬಹುಪಾಲು ನೀರೇ.

ಒಟ್ಟು ಲೆಕ್ಕಕ್ಕೆ ಒಬ್ಬರ ಊಟ ಹೆಚ್ಚುವರಿ ಸೇರಿಸಿ. ಇನ್ನೊಮ್ಮೆ ಬಡಿಸಿಕೊಳ್ಳಿ ಅಂದಾಗ ಪಾತ್ರೆಯ ತಳ ಕಾಣಬಾರದು.

## ಹಿಂದಿನ ದಿನ ಏನೇನು ಮಾಡಿಟ್ಟುಕೊಳ್ಳಬಹುದು?

ಜಾಸ್ತಿಯೇ ಮಾಡಿಟ್ಟುಕೊಳ್ಳಬಹುದು. ಮೆನು ಗೆಲ್ಲುವುದೂ ಸೋಲುವುದೂ ಹಿಂದಿನ ರಾತ್ರಿಯೇ ಅಂತ ನನಗೆ ಅನ್ನಿಸುತ್ತದೆ.

ನಿಧಾನವಾಗಿ ಬೇಯುವ ಗ್ರೇವಿ, ಸೂಪ್, ಕಾಳಿನ ಅಡುಗೆ ಒಂದು ರಾತ್ರಿ ಕಳೆದರೆ ಮಸಾಲೆ ಕೂಡಿಕೊಂಡು ಇನ್ನೂ ಚೆನ್ನಾಗಿರುತ್ತವೆ. ಕಾಳು ನೆನೆಸುವುದು, ಮಾಂಸಕ್ಕೆ ಉಪ್ಪು ಮಸಾಲೆ ಹಚ್ಚುವುದು, ಸಲಾಡ್‌ಗೆ ಸುರಿಯುವ ಎಣ್ಣೆ ನಿಂಬೆರಸದ ಮಿಶ್ರಣ, ತಣ್ಣಗೆ ತಿನ್ನುವ ಸಿಹಿ, ಇವೆಲ್ಲ ಹಿಂದಿನ ದಿನದ ಕೆಲಸ. ಈರುಳ್ಳಿಯ ಆ 40 ನಿಮಿಷವೂ ಅವತ್ತೇ ಆಗಿಬಿಡಲಿ.

ಮಾಡಿಡಬಾರದ್ದು: ಎಣ್ಣೆಯಲ್ಲಿ ಕರಿದದ್ದು. ಬಿಸಿಯಾಗಿರುವಾಗ ಮುಚ್ಚಿಟ್ಟರೆ ತನ್ನದೇ ಆವಿಯಲ್ಲಿ ನೆನೆದು ಮೆತ್ತಗಾಗುತ್ತದೆ. ಉಪ್ಪು ಬೆರೆಸಿದ ಸೌತೆಕಾಯಿ, ಟೊಮೆಟೊ ಕೂಡ ಬೇಡ, ಉಪ್ಪು ನೀರನ್ನು ಹೊರಗೆಳೆದು ಸಲಾಡ್ ಈಜುವ ಹಾಗೆ ಮಾಡುತ್ತದೆ. ಹೆಚ್ಚಿದ ಸೇಬು, ಬಾಳೆಹಣ್ಣು ಕಪ್ಪಾಗುತ್ತವೆ. ಸ್ವಲ್ಪ ಮುಂಚೆ ಹೆಚ್ಚಲೇಬೇಕಾದರೆ ನಿಂಬೆರಸ ಸವರಿ.

ಮಾಡಿಟ್ಟದ್ದು ಕೆಡದ ಹಾಗೆ ನೋಡಿಕೊಳ್ಳುವುದೂ ಇದೆ. ಬೇಯಿಸಿದ ಆಹಾರ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆಹಾರವನ್ನು ಒಂದೋ ಅದಕ್ಕಿಂತ ತಣ್ಣಗಿಡಿ, ಇಲ್ಲ ಅದಕ್ಕಿಂತ ಬಿಸಿಯಾಗಿಡಿ. ದೊಡ್ಡ ಪಾತ್ರೆಯ ತುಂಬ ಇರುವ ಬಿಸಿ ಗ್ರೇವಿಯನ್ನು ಹಾಗೇ ಫ್ರಿಜ್‌ಗೆ ತುರುಕಿದರೆ ಅದರ ಹೊಟ್ಟೆಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದ ಹಾಲೂ ಬೆಚ್ಚಗಾಗುತ್ತದೆ. ಅಗಲವಾದ, ಆಳವಿಲ್ಲದ ಎರಡು ಮೂರು ಡಬ್ಬಿಗಳಿಗೆ ಹಂಚಿ, ಆವಿ ಹೋದ ಮೇಲೆ ಇಡಿ.

ಅನ್ನವನ್ನಂತೂ ಹಿಂದಿನ ದಿನ ಮಾಡಬೇಡಿ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಉಳಿದರೆ ಅವು ಮತ್ತೆ ಬೆಳೆದು ವಿಷ ಬಿಡುತ್ತವೆ. ಆ ವಿಷ ಆಮೇಲೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹೇಗೂ ಅನ್ನ ತನ್ನಷ್ಟಕ್ಕೆ ಬೇಯುವಂಥದ್ದು. ಅತಿಥಿ ಬಂದ ಮೇಲೆ ಇಟ್ಟರೂ ಆಯಿತು.

## ಆ ದಿನದ ವೇಳೆ ಹೊಂದಿಸೋದು ಹೇಗೆ?

ಒಂದು ಸಂಜೆಯದ್ದನ್ನೇ ಹೇಳುತ್ತೇನೆ. ಮೂರು ಜನ ಬರುವವರಿದ್ದರು, ಏಳೂವರೆಗೆ. ಮೆನು: ಟೊಮೆಟೊ ಸೂಪ್, ಬಾಣಲೆಯಲ್ಲಿ ಹುರಿದ ಮೀನು, ಒಬ್ಬರಿಗೆ ಮೀನಿನ ಬದಲು ಹಾಗೆಯೇ ಹುರಿದ ಅಣಬೆ, ತರಕಾರಿ ಗ್ರೇವಿ, ಅನ್ನ, ಸೌತೆಕಾಯಿ ಸಲಾಡ್, ಕಸ್ಟರ್ಡ್. ನಾಲ್ಕು ಸಾಕು ಅಂದವರು ಇಷ್ಟೊಂದು ಮಾಡಿದಿರಾ ಅಂತ ಕೇಳಬೇಡಿ. ಆಸೆ ಯಾರನ್ನು ಬಿಟ್ಟಿದೆ?

ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ. ಬರೆದದ್ದು ಕೆಳಗಿನಿಂದ ಮೇಲಕ್ಕೆ. ಮೊದಲು ಕೊನೆಯ ಸಾಲಿನಲ್ಲಿ "8:15 ಊಟ" ಅಂತ ಬರೆದೆ. ಅದರ ಮೇಲೆ "8:00 ಮೀನು ಬಾಣಲೆಗೆ". ಅದರ ಮೇಲೆ "7:45 ಸೂಪ್ ಕೊಡು, ಅನ್ನ ಇಡು". ಅದರ ಮೇಲೆ "7:15 ಸೂಪ್, ಗ್ರೇವಿ ಬಿಸಿ, ಕುದಿ ಬರಲಿ". ಹೀಗೆ ಹಿಂದಕ್ಕೆ ಹೋಗುತ್ತಾ ಹೋಗಿ "5:30 ಸೌತೆಕಾಯಿ ಹೆಚ್ಚು, ಉಪ್ಪು ಬೇಡ" ಅನ್ನುವವರೆಗೆ ಬಂತು. ಸೂಪ್, ಗ್ರೇವಿ, ಕಸ್ಟರ್ಡ್ ಹಿಂದಿನ ರಾತ್ರಿಯೇ ಆಗಿದ್ದವು.

ಚೀಟಿಯಲ್ಲಿ 6:45ಕ್ಕೆ ಎದುರಾಗಿ "ಏನೂ ಇಲ್ಲ" ಅಂತ ಬರೆದಿದ್ದೆ. ಆ ಅರ್ಧ ಗಂಟೆ ಖಾಲಿ ಬಿಟ್ಟಿದ್ದು ಬೇಕೆಂದೇ. ಸ್ನಾನ ಮಾಡುವುದು, ಸಿಂಕ್ ಖಾಲಿ ಮಾಡುವುದು, ಮರೆತ ವಸ್ತು ತರಲು ಓಡುವುದು, ಎಲ್ಲ ಅದರಲ್ಲೇ. ಅವತ್ತು ನಿಂಬೆಹಣ್ಣು ಮರೆತಿದ್ದೆ.

ಬಡಿಸುವ ಪಾತ್ರೆಗಳನ್ನು ಮಧ್ಯಾಹ್ನವೇ ಮೇಜಿನ ಮೇಲೆ ಇಟ್ಟು, ಒಂದೊಂದರೊಳಗೂ ಪದಾರ್ಥದ ಹೆಸರು ಬರೆದ ಚೂರು ಕಾಗದ ಹಾಕಿಡುತ್ತೇನೆ. ಸೌಟೂ ಜೊತೆಗೆ. ಸುಮ್ನೆ ಶಿಸ್ತು ತೋರಿಸಲು ಅಲ್ಲ. ಒಂದು ಸಲ ಸಲಾಡನ್ನು ಫ್ರಿಜ್‌ನಲ್ಲೇ ಮರೆತು, ಅತಿಥಿಗಳು ಹೋದ ಮೇಲೆ ಕಂಡಿದ್ದೆ. ಖಾಲಿ ಪಾತ್ರೆ ಕಣ್ಣೆದುರು ಇದ್ದರೆ ಹಾಗಾಗುವುದಿಲ್ಲ.

## ಹುರಿದದ್ದಕ್ಕೆ ಹೋಟೆಲಿನ ಹಾಗೆ ಬಣ್ಣ ಬರಲ್ಲ, ಯಾಕೆ?

ನೀರು. ಮೀನು, ಕೋಳಿ, ಪನೀರ್, ಅಣಬೆ ಯಾವುದೇ ಇರಲಿ, ಮೇಲ್ಮೈ ಒದ್ದೆ ಇದ್ದರೆ ಅದು 100 ಡಿಗ್ರಿ ದಾಟುವುದಿಲ್ಲ. ಆ ಕಂದು ಬಣ್ಣ, ಆ ಪರಿಮಳ ಸರಿಯಾಗಿ ಬರಬೇಕಾದರೆ 140 ಡಿಗ್ರಿಯ ಆಸುಪಾಸು ಬೇಕು. ಹಾಗಾಗಿ ಒಣ ಬಟ್ಟೆಯಲ್ಲಿ ಒತ್ತಿ ಒರೆಸಿ. ಬಾಣಲೆ ಚೆನ್ನಾಗಿ ಕಾದ ಮೇಲೆಯೇ ಹಾಕಿ. ಒಂದರ ಮೇಲೊಂದು ತುಂಬಬೇಡಿ. ತುಂಬಿದರೆ ಬಾಣಲೆ ತಣ್ಣಗಾಗಿ, ಬಿಟ್ಟ ನೀರಿನಲ್ಲೇ ಬೇಯುತ್ತದೆ. ಚುರ್ ಅನ್ನುವ ಸದ್ದು ನಿಂತರೆ ಜಾಸ್ತಿ ಹಾಕಿದ್ದೀರಿ ಅಂತಲೇ ಅರ್ಥ.

ಹಾಕಿದ ಕೂಡಲೇ ತಿರುವಲು ಹೋಗಬೇಡಿ. ಅಡಿ ಹೊಂಬಣ್ಣಕ್ಕೆ ಬಂದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ. ಕೋಳಿಯಾದರೆ ಒಳಭಾಗ 74 ಡಿಗ್ರಿ ತಲುಪಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಊಹೆಯ ತೊಂದರೆ ಇಲ್ಲ. ದಪ್ಪ ತುಂಡುಗಳನ್ನು ಒಲೆಯಿಂದ ಇಳಿಸಿ ಐದು ನಿಮಿಷ ಬಿಟ್ಟು ಕತ್ತರಿಸಿ, ರಸ ಒಳಗೇ ಉಳಿಯುತ್ತದೆ.

## ಎಲ್ಲ ಹಾಕಿದ್ದೀನಿ, ಆದರೂ ಏನೋ ಕಡಿಮೆ ಅನ್ನಿಸುತ್ತೆ.

ಮೊದಲು ಒಂದು ಚಮಚ ಗ್ರೇವಿಯನ್ನು ಬೇರೆ ತೆಗೆದುಕೊಂಡು ಅದಕ್ಕೆ ಚಿಟಿಕೆ ಉಪ್ಪು ಹಾಕಿ ನೋಡಿ. ಸರಿ ಆಗಲಿಲ್ಲವಾ? ಇನ್ನೊಂದು ಚಮಚಕ್ಕೆ ಎರಡು ಹನಿ ನಿಂಬೆರಸ. ಹೆಚ್ಚಿನ ಸಲ ಉತ್ತರ ಇವೆರಡರಲ್ಲಿ ಒಂದು. ಹುಳಿ ಬೇಕಿದ್ದ ಕಡೆ ಉಪ್ಪು ಸುರಿಯುತ್ತಾ ಹೋಗುವುದು ನಮ್ಮೆಲ್ಲರ ಅಭ್ಯಾಸ. ಇಡೀ ಪಾತ್ರೆಗೆ ಕೈ ಹಾಕುವ ಮುಂಚೆ ಚಮಚದಲ್ಲಿ ಪರೀಕ್ಷೆ ಮಾಡಿದರೆ ಪಾತ್ರೆ ಉಳಿಯುತ್ತದೆ.

ಯಾವ ಬಿಸಿಯಲ್ಲಿ ತಿನ್ನುತ್ತಾರೋ ಅದೇ ಬಿಸಿಯಲ್ಲಿ ರುಚಿ ನೋಡಿ. ತಣ್ಣಗಿದ್ದಾಗ ಸಿಹಿ ನಾಲಿಗೆಗೆ ಕಡಿಮೆ ತಿಳಿಯುತ್ತದೆ. ಬಿಸಿ ಇರುವಾಗ ಸರಿಯಾಗಿದ್ದ ಕಸ್ಟರ್ಡ್ ಫ್ರಿಜ್‌ನಿಂದ ಬಂದಾಗ ಸಪ್ಪೆ ಅನ್ನಿಸುವುದು ಅದಕ್ಕೇ.

## ಉಪ್ಪು ಮುಂದಾಯಿತು, ಖಾರ ಜಾಸ್ತಿಯಾಯಿತು, ತಳ ಹಿಡಿಯಿತು. ಈಗ?

ಉಪ್ಪಿಗೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಉಪ್ಪುನೀರನ್ನು ಹೀರುತ್ತದೆ, ಉಪ್ಪನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಉಳಿದ ಗ್ರೇವಿ ಅಷ್ಟೇ ಉಪ್ಪಾಗಿರುತ್ತದೆ. ನಿಜವಾದ ದಾರಿ ಒಂದೇ: ಉಪ್ಪಿಲ್ಲದ್ದನ್ನು ಸೇರಿಸಿ ಪ್ರಮಾಣ ಹೆಚ್ಚಿಸುವುದು. ನೀರು, ಬೇಯಿಸಿದ ತರಕಾರಿ, ಹಾಲು, ಕೆನೆ, ಯಾವುದು ಹೊಂದುತ್ತದೋ ಅದು. ಸ್ವಲ್ಪವೇ ಮುಂದಾಗಿದ್ದರೆ ಪಕ್ಕದ ಅನ್ನಕ್ಕೆ ಉಪ್ಪು ಹಾಕದೆ ಬಿಟ್ಟರೆ ತಟ್ಟೆಯಲ್ಲಿ ಸರಿಹೋಗುತ್ತದೆ.

ಮೆಣಸಿನಕಾಯಿಯ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಕೆನೆ, ಬೆಣ್ಣೆ, ಮೊಸರು ಸೇರಿಸಿ. ಮೊಸರನ್ನು ಚೆನ್ನಾಗಿ ಕಡೆದು, ಉರಿ ತಗ್ಗಿಸಿ ಹಾಕಿ, ಇಲ್ಲದಿದ್ದರೆ ಒಡೆಯುತ್ತದೆ. ಯಾರಿಗಾದರೂ ಬಾಯಿ ಉರಿಯುತ್ತಿದ್ದರೆ ನೀರಿಗಿಂತ ಹಾಲು ವಾಸಿ.

ತಳ ಹಿಡಿದರೆ ಸೌಟು ಆಡಿಸಬೇಡಿ, ಕೆರೆಯಬೇಡಿ. ಕೂಡಲೇ ಒಲೆಯಿಂದ ಇಳಿಸಿ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಸುರಿದುಕೊಳ್ಳಿ. ರುಚಿ ನೋಡಿ. ಸೀದ ವಾಸನೆ ಇಲ್ಲದಿದ್ದರೆ ಬಚಾವ್. ಇದ್ದರೆ ಯಾವ ಮಸಾಲೆಯೂ ಅದನ್ನು ಮುಚ್ಚದು, ಬಿಟ್ಟುಬಿಡಿ. ಏನಾಯಿತು ಅಂತ ನಗುತ್ತಾ ಹೇಳಿಬಿಡಿ. ಹತ್ತು ಸಲ ಕ್ಷಮೆ ಕೇಳುತ್ತಾ ಕೂತರೆ ಊಟ ಮಾಡುವವರು ನಿಮ್ಮನ್ನು ಸಮಾಧಾನ ಮಾಡುವುದರಲ್ಲೇ ತಣ್ಣಗಾಗುತ್ತಾರೆ.

## ಸಿಹಿಗೆ ಏನು ಮಾಡಲಿ?

ಹಿಂದಿನ ದಿನವೇ ಆಗುವಂಥದ್ದು, ಫ್ರಿಜ್‌ನಿಂದ ನೇರ ಮೇಜಿಗೆ ಬರುವಂಥದ್ದು. ಕಸ್ಟರ್ಡ್, ಪುಡಿಂಗ್, ಕೇಕ್, ಏನೂ ಆಗದಿದ್ದರೆ ಮಾಗಿದ ಹಣ್ಣಿನ ಜೊತೆ ಐಸ್‌ಕ್ರೀಮ್. ಐಸ್‌ಕ್ರೀಮನ್ನು ಬಡಿಸುವ ಹತ್ತು ನಿಮಿಷ ಮುಂಚೆ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ, ಚಮಚ ಬಾಗಿಸಿಕೊಳ್ಳುವ ಕಷ್ಟ ತಪ್ಪುತ್ತದೆ.

ನನ್ನ ಅನಾನಸ್ ಜೆಲ್ಲಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಒಳ್ಳೆ ಹಸಿ ಅನಾನಸ್ ಹೆಚ್ಚಿ, ಜೆಲಾಟಿನ್ ಕರಗಿಸಿ, ಗಾಜಿನ ಬಟ್ಟಲುಗಳಿಗೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಶರಬತ್ತು. ಪೊಟ್ಟಣ ಹಳೆಯದಿರಬೇಕು ಅಂತ ಹೊಸದು ತಂದು ಮತ್ತೆ ಮಾಡಿದೆ. ಮತ್ತೆ ಶರಬತ್ತು. ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನುವ ಕಿಣ್ವ ಇರುತ್ತದೆ, ಅದು ಪ್ರೋಟೀನನ್ನು ಕತ್ತರಿಸುತ್ತದೆ, ಜೆಲಾಟಿನ್ ಅನ್ನುವುದು ಪ್ರೋಟೀನೇ ಅಂತ ಆಮೇಲೆ ತಿಳಿಯಿತು. ಪಪ್ಪಾಯ, ಕಿವಿ ಹಣ್ಣಿನದೂ ಇದೇ ಕಥೆ. ಹಣ್ಣನ್ನು ಕುದಿಸಿ ಹಾಕಿದರೆ ಅಥವಾ ಡಬ್ಬಿಯದನ್ನು ಬಳಸಿದರೆ ಆಗುತ್ತದೆ, ಬಿಸಿಗೆ ಕಿಣ್ವ ಸಾಯುತ್ತದೆ. ಅಗರ್ ಅಗರ್‌ಗೆ ಈ ತೊಂದರೆಯೇ ಇಲ್ಲ, ಅದು ಪ್ರೋಟೀನ್ ಅಲ್ಲ. ಅವತ್ತು ಅತಿಥಿಗಳಿಗೆ ಅದನ್ನೇ ಲೋಟಕ್ಕೆ ಸುರಿದು ಕೊಟ್ಟೆ. ಚೆನ್ನಾಗಿದೆ ಅಂದರು.

## ಹೊರಗಿಂದ ತರಿಸಿದ್ದನ್ನು ಸೇರಿಸಿದರೆ ಮೋಸವಾ?

ಅಲ್ಲ. ಬ್ರೆಡ್, ಐಸ್‌ಕ್ರೀಮ್, ಉಪ್ಪಿನಕಾಯಿ ಯಾವುದನ್ನಾದರೂ ತನ್ನಿ. ನಾನೇ ಮಾಡಿದ್ದು ಅಂತ ಮಾತ್ರ ಹೇಳಬೇಡಿ. ರೆಸಿಪಿ ಕೇಳಿದರೆ ಸಿಕ್ಕಿಬೀಳುತ್ತೀರಿ.

## ಅವರು ಒಂದು ಗಂಟೆ ತಡವಾಗಿ ಬಂದರೆ?

ಇದಕ್ಕೂ ಆ ಕೊನೆಯ ಅರ್ಧ ಗಂಟೆಯ ಲೆಕ್ಕವೇ ಕಾಯುತ್ತದೆ. ಬಾಣಲೆಯ ಅಡುಗೆಯನ್ನು ಗಡಿಯಾರ ನೋಡಿ ಶುರು ಮಾಡಬೇಡಿ, ಚಪ್ಪಲಿ ಬಿಡುವ ಸದ್ದು ಕೇಳಿ ಶುರು ಮಾಡಿ. ಅನ್ನವೂ ಹಾಗೆ. ಗ್ರೇವಿ ಕಾಯಬಲ್ಲದು, ಆದರೆ ಉಗುರುಬೆಚ್ಚಗೆ ಕಾಯಬಾರದು. ಸಣ್ಣ ಉರಿಯಲ್ಲಿ ಆವಿ ಆಡುತ್ತಿರಲಿ, ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಿ. ಸಲಾಡ್‌ಗೆ ಉಪ್ಪು ನಿಂಬೆರಸ ಬಿದ್ದಿಲ್ಲದಿದ್ದರೆ ಫ್ರಿಜ್‌ನಲ್ಲಿ ಹಾಯಾಗಿರುತ್ತದೆ.

## "ನಾನೂ ಏನಾದರೂ ಮಾಡ್ತೀನಿ" ಅಂತ ಅಡುಗೆಮನೆಗೇ ಬಂದುಬಿಟ್ಟರೆ?

ಬೇಡ ಅನ್ನಬೇಡಿ. ಅವರಿಗೆಂದೇ ಒಂದು ಕೆಲಸ ಉಳಿಸಿಡಿ: ಸಲಾಡ್ ಕಲಸುವುದು, ನಿಂಬೆ ಹಿಂಡುವುದು, ಲೋಟಗಳಿಗೆ ನೀರು ತುಂಬುವುದು. ಕೆಲವರಿಗೆ ಹೊರಗೆ ಕೂತು ಕಾಯುವುದಕ್ಕಿಂತ ಒಲೆ ಪಕ್ಕ ನಿಂತು ಹರಟುವುದೇ ಸಲೀಸು. ನಾನು ಇತ್ತೀಚೆಗೆ ಅಡುಗೆಮನೆಯಲ್ಲಿ ಒಂದು ಸ್ಟೂಲ್ ಇಟ್ಟಿದ್ದೇನೆ. ಬಾಣಲೆಯಲ್ಲಿ ಮೀನು ಹುರಿಯುವ ಆ ಹದಿನೈದು ನಿಮಿಷ ಅದರ ಮೇಲೆ ಯಾರಾದರೂ ಕೂತಿರುತ್ತಾರೆ.

## ಉಳಿದದ್ದನ್ನು ಏನು ಮಾಡಲಿ?

ಅತಿಥಿಗಳು ಮಾತಿನಲ್ಲಿ ಮುಳುಗಿದ್ದರೂ ಎದ್ದು ಹೋಗಿ ಅನ್ನ, ಗ್ರೇವಿ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ, ಆ 2 ಗಂಟೆಯ ಲೆಕ್ಕ ಇಲ್ಲೂ ಇದೆ. ಅನ್ನವನ್ನು ಮರುದಿನವೇ ಮುಗಿಸಿ, ಉಳಿದದ್ದು ಎರಡು ಮೂರು ದಿನ ಇರುತ್ತದೆ. ತಿನ್ನುವಾಗ ಹಬೆ ಏಳುವಷ್ಟು ಬಿಸಿ ಮಾಡಿ, ಅದೂ ಒಂದೇ ಸಲ. ಯಾರಾದರೂ ಕೊನೆಯಲ್ಲಿ "ಆ ಗ್ರೇವಿ ಸ್ವಲ್ಪ ಕಟ್ಟಿಕೊಡ್ತೀರಾ?" ಅಂತ ಕೇಳಿದರೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲೇ ಕೊಡಿ. ಡಬ್ಬಿ ವಾಪಸ್ ಬರುತ್ತದೆ ಅಂತ ಮಾತ್ರ ನಂಬಿಕೊಂಡು ಕೂರಬೇಡಿ.